ದಫೇದಾರಮ್ಮನ ಮೈಯೊಳಗಿನ ಕಾವಲುಗಾರರು

ನಮ್ಮ ಸೊಸೆ ಕಾಯುವ ಗೇಟಿನೊಳಗೆ ಒಂದು ನೊಣ ಹೋಗಬೇಕಾದರೂ ಅದು ಮೊದಲು ರೆಕ್ಕೆ ಎತ್ತಿ ತೋರಿಸಬೇಕು. ನೊಣದ ಹಿಂದೆ ಅದರ ನೆರಳು ಬಂದರೆ ಅದನ್ನು ಬೇರೆ ಸಾಲಿನಲ್ಲಿ ನಿಲ್ಲಿಸಿ, ‘ಇದು ಯಾರ ಜೊತೆ ಬಂದದ್ದು?’ ಎಂದು ವಿಚಾರಿಸುತ್ತಾಳೆ. ನಾನು ಹೀಗೆಲ್ಲ ಹೇಳಿದರೆ ನಮ್ಮ ಮನೆಯವಳು, “ನಿಮ್ಮ ಬಾಯಿಗೂ ಒಂದು ಗೇಟು ಹಾಕಿಸ್ಬೇಕು” ಅನ್ನುತ್ತಾಳೆ. ಹಾಕಿಸಲಿ. ಜೀವಮಾನವೆಲ್ಲ ಬ್ಯಾಂಡಿನಲ್ಲಿ ತುತ್ತೂರಿ ಊದಿದ ಬಾಯಿ ಇದು. ಪಿಸುಗುಟ್ಟಿದರೂ ಪಕ್ಕದ ಬೀದಿಯ ನಾಯಿ ಎದ್ದು ಕೂರುತ್ತದೆ. ಆದರೆ ಸೊಸೆಯ ವಿಷಯದಲ್ಲಿ ನಾನು ಹೇಳುವುದರಲ್ಲಿ ಮುಕ್ಕಾಲು ಪಾಲು ನಿಜ. ಉಳಿದ ಕಾಲು ಪಾಲು ಇನ್ನೂ ನಿಜವಾಗುವುದರಲ್ಲಿದೆ.

ಅವಳು ಕೆಲಸ ಮಾಡುವುದು ವಿದ್ಯುತ್ ತಂತಿ ತಯಾರಿಸುವ ಕಾರ್ಖಾನೆಯಲ್ಲಿ. ಅಲ್ಲಿನ ಗೇಟಿನ ಕಾವಲುಗಾರರಿಗೆಲ್ಲ ಅವಳೇ ಮುಖ್ಯಸ್ಥೆ. ಕಾಗದದಲ್ಲಿ ಅವಳ ಹುದ್ದೆಗೆ ಏನೋ ಉದ್ದದ ಹೆಸರಿದೆ, ಕೆಲಸಗಾರರ ಬಾಯಲ್ಲಿ ಮಾತ್ರ ಅವಳು ದಫೇದಾರಮ್ಮ. ಹಳಿಯ ಮೇಲೆ ಜಾರುವ ದೊಡ್ಡ ಕಬ್ಬಿಣದ ಗೇಟು, ಅದರ ಪಕ್ಕದಲ್ಲಿ ತಲೆ ಬಗ್ಗಿಸಿ ಹೋಗುವ ಸಣ್ಣ ಬಾಗಿಲು, ಲಾರಿ ತೂಗುವ ಕಟ್ಟೆ, ಒಂದು ಕಿಟಕಿಯ ಚೌಕಿ: ಇಷ್ಟೇ ಅವಳ ರಾಜ್ಯ. ಒಳಗಿರುವುದು ತಾಮ್ರ. ತಾಮ್ರವೆಂದರೆ ಕಳ್ಳರಿಗೆ ಪ್ರಾಣ. ಸೊಂಟಕ್ಕೆ ಸುತ್ತಿಕೊಂಡು, ಊಟದ ಡಬ್ಬಿಯ ತಳದಲ್ಲಿಟ್ಟುಕೊಂಡು ಸಾಗಿಸಲು ನೋಡುವವರಿಗೆ ಬರವಿಲ್ಲ. ನಮ್ಮ ಸೊಸೆ ಯಾರ ಮೈಮೇಲೂ ಕೈಯಾಡಿಸುವುದಿಲ್ಲ. ನಡಿಗೆ ನೋಡುತ್ತಾಳೆ, ಅಷ್ಟೇ. “ಅಣ್ಣಾ, ಬೆಳಿಗ್ಗೆ ಒಳಗೆ ಹೋಗುವಾಗ ನಿಮ್ಮ ಸೊಂಟ ಇಷ್ಟು ಗಂಭೀರವಾಗಿರ್ಲಿಲ್ವಲ್ಲ?” ಅನ್ನುತ್ತಾಳೆ. ಅಣ್ಣನ ಮುಖ ಇಳಿದುಹೋಗುತ್ತದೆ, ಹಿಂದೆಯೇ ತಾಮ್ರವೂ ಇಳಿಯುತ್ತದೆ.

ಹೊಸ ಕಾವಲುಗಾರರನ್ನು ಪಳಗಿಸುವ ಅವಳ ರೀತಿ ಬೇರೆಲ್ಲೂ ಇಲ್ಲ. ಕೆಲಸಕ್ಕೆ ಸೇರಿದವನ ಕೈಗೆ ಅವಳು ಕೂಡಲೇ ಲಾಠಿ ಕೊಡುವುದಿಲ್ಲ. ಮೊದಲ ವಾರ ಅವನು ಬರಿಗೈಯಲ್ಲಿ ಗೇಟಿನ ಪಕ್ಕದಲ್ಲಿ ನಿಂತು, ಹೋಗಿಬರುವ ಪ್ರತಿಯೊಬ್ಬರ ಮುಖ ನೋಡಿ ನಮಸ್ಕಾರ ಹೇಳಬೇಕು. ಯಾರನ್ನೂ ತಡೆಯುವಂತಿಲ್ಲ, ಗದರಿಸುವಂತಿಲ್ಲ. ಇದಕ್ಕೆ ‘ಮುಖ ನೋಡೋ ವಾರ’ ಎಂದು ಹೆಸರು.

“ಕಳ್ಳನ್ನ ಯಾರು ಬೇಕಾದ್ರೂ ಹಿಡೀಬಹುದು. ಮೊದಲು ನಮ್ಮೋರು ಯಾರು ಅಂತ ಕಲ್ತ್ಕೊಳ್ಳಿ” ಎಂಬುದು ಅವಳ ಪಾಠ. ವಾರ ಕಳೆದ ಮೇಲೂ ನಮ್ಮವರನ್ನೇ ಕಂಡು ಗುರ್ ಎನ್ನುವವನನ್ನು ಅಂದೇ ಮನೆಗೆ ಕಳಿಸುತ್ತಾಳೆ. ಹಾಗೆ ಕಳಿಸುವಾಗಲೂ ಕೂರಿಸಿ, ತಪ್ಪೇನೆಂದು ತಿಳಿಸಿ, ಅವನ ಮಾತು ಕೇಳಿಯೇ ಕಳಿಸುವುದು. ವಿಚಾರಣೆಯಿಲ್ಲದೆ ಯಾರನ್ನೂ ತೆಗೆದವಳಲ್ಲ.

ಒಂದು ದಿನ ಅವಳು ಊಟದ ಡಬ್ಬಿ ಮರೆತು ಹೋಗಿದ್ದಳು. ನಾನೇ ಹಿಡಿದುಕೊಂಡು ಗೇಟಿಗೆ ಹೋದೆ.

“ನಿಲ್ಲಿ. ಯಾರು ನೀವು? ಯಾರನ್ನ ನೋಡ್ಬೇಕಿತ್ತು?” ಎಂದಳು ಸೊಸೆ.

ತಮಾಷೆ ಮಾಡುತ್ತಿದ್ದಾಳೆಂದು ನಾನೂ ಎದೆ ಸೆಟೆಸಿ, “ದಫೇದಾರಮ್ಮನ ಮಾವ. ಗುರುತಿನ ಚೀಟಿ ಇಲ್ಲ, ಹಸಿವಿನ ಡಬ್ಬಿ ಇದೆ” ಎಂದೆ. ಅವಳು ಒಂದು ಕಣ್ಣನ್ನು ಕಿರಿದು ಮಾಡಿ ನನ್ನ ಮೂಗಿನ ಹತ್ತಿರದವರೆಗೂ ಬಂದು ನೋಡಿದಳು. ಆಮೇಲೆ ಮೆಲ್ಲಗೆ, “ಓ, ಮಾವ” ಎಂದು ಡಬ್ಬಿ ತೆಗೆದುಕೊಂಡಳು.

ಅದೆಂಥ ಹೆಮ್ಮೆ ನನಗೆ! ಕರ್ತವ್ಯ ಅಂದರೆ ಇದು, ಸ್ವಂತ ಮಾವನನ್ನೂ ಬಿಡಲಿಲ್ಲ ಎಂದು ದಾರಿಯುದ್ದಕ್ಕೂ ಸಿಕ್ಕಸಿಕ್ಕವರಿಗೆ ಹೇಳಿದೆ. ಚಹಾದಂಗಡಿ ಮುಟ್ಟುವಷ್ಟರಲ್ಲಿ ಅವಳು ನನ್ನ ಎರಡೂ ಕೈ ಮೇಲೆತ್ತಿಸಿದ್ದಳು. ನಮ್ಮ ಬೀದಿ ತಲುಪುವಷ್ಟರಲ್ಲಿ ನನ್ನ ಮೀಸೆ ಬಿಡಿಸಿ ಅದರೊಳಗೆ ತಾಮ್ರ ಹುಡುಕಿದ್ದಳು.

ಸಂಜೆ ಮನೆಗೆ ಬಂದವಳು ಬೆಲ್ಟನ್ನೂ ಬಿಚ್ಚದೆ ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತಳು.

“ಮಾವ, ತಪ್ಪು ತಿಳ್ಕೋಬೇಡಿ. ನೀವು ಬಂದಾಗ ಬಲಗಣ್ಣಿಗೆ ಲಾರಿ ಧೂಳು ಬಿದ್ದಿತ್ತು, ನಂಗೆ ಕಂಡಿದ್ದು ಒಂದು ಶರ್ಟು, ಅದರ ಮೇಲೆ ಒಂದು ಮೋಡ. ಮುಖಾನೇ ಇರ್ಲಿಲ್ಲ.”

ಎಡಗಣ್ಣು ಹೊರಳಿಸಿದರೆ ನೋವು. ಬಲಗಣ್ಣು ಮುಚ್ಚಿಕೊಂಡರೆ ಅತ್ತೆಯ ಕೆಂಪು ಸೀರೆ ಇಟ್ಟಿಗೆ ತೊಳೆದ ನೀರಿನ ಹಾಗೆ ಕಾಣುತ್ತಿತ್ತಂತೆ. ನಮ್ಮ ಮನೆಯವಳು ನನ್ನ ಕಡೆ ತಿರುಗಿ, “ಕೇಳಿಸ್ತಾ? ಆ ಮಗು ಕಣ್ಣು ಕಾಣ್ದೆ ಒದ್ದಾಡಿದ್ರೆ ಇವರು ಬೀದಿಯಲ್ಲೆಲ್ಲ ಡಂಗುರ ಸಾರ್ಕೊಂಡು ಬಂದಿದಾರೆ” ಎಂದಳು.

ಕಣ್ಣಿನ ಡಾಕ್ಟರು ನೋಡಿ, ಇದು ಕಣ್ಣಿನ ಹಿಂದಿನ ನರದ ತೊಂದರೆ ಎಂದು ನರಗಳ ಡಾಕ್ಟರ ಹತ್ತಿರ ಕಳಿಸಿದರು. ಅಲ್ಲಿ ಎಂಆರ್‌ಐ ಯಂತ್ರದೊಳಗೆ ಅವಳನ್ನು ಮಲಗಿಸಿದರು. ಹೊರಗೆ ಕುಳಿತ ನಮಗೇ ಆ ಸದ್ದು ಕೇಳಿ ಹಲ್ಲು ಸಡಿಲವಾಯಿತು. ಇಷ್ಟು ತಾಳ ತಪ್ಪಿದ ಡ್ರಮ್ಮು ನಮ್ಮ ಬ್ಯಾಂಡಿನಲ್ಲಿ ಬಾರಿಸಿದ್ದರೆ ಮದುಮಗನೇ ಓಡಿಹೋಗುತ್ತಿದ್ದ. ಬೆನ್ನುಹುರಿಯ ಸುತ್ತಲಿನ ನೀರನ್ನೂ ಸೂಜಿಯಿಂದ ತೆಗೆದು ಪರೀಕ್ಷಿಸಿದರು. ಮಾರನೆಯ ವಾರ ನಾವು ಮೂವರು, ಅವಳು, ನನ್ನ ಮಗ, ನಾನು, ಡಾಕ್ಟರ ಮುಂದೆ ಕುಳಿತೆವು. ನನ್ನ ಮಗ ಸೈಕಲ್ ರಿಪೇರಿ ಮಾಡುವವನು, ಮಾತು ಕಡಿಮೆ. ಮನೆಯ ಮಾತನ್ನೆಲ್ಲ ನಾನೇ ಖರ್ಚು ಮಾಡಿದ್ದರಿಂದ ಅವನ ಪಾಲಿಗೆ ಹೆಚ್ಚು ಉಳಿಯಲಿಲ್ಲ.

ಡಾಕ್ಟರು ನಡುವಯಸ್ಸಿನ ಹೆಂಗಸು. ಪೆನ್ನಿನ ಮುಚ್ಚಳ ತೆಗೆಯುತ್ತ, ಹಾಕುತ್ತ ಮಾತಾಡುವ ಅಭ್ಯಾಸ.

“ಇದಕ್ಕೆ ಮಲ್ಟಿಪಲ್ ಸ್ಕ್ಲೀರೋಸಿಸ್ ಅಂತೀವಿ. ನೀವು ತಂತಿ ಫ್ಯಾಕ್ಟರಿಯೋರು, ನಿಮಗೆ ಬೇಗ ಅರ್ಥ ಆಗುತ್ತೆ. ನರದ ಮೇಲೆ ಒಂದು ಹೊದಿಕೆ ಇರುತ್ತೆ, ಮೈಲಿನ್ ಅಂತ. ನಿಮ್ಮ ಮಿದುಳಲ್ಲಿ, ಕಣ್ಣಿನ ನರದಲ್ಲಿ ಆ ಹೊದಿಕೆ ಅಲ್ಲಲ್ಲಿ ಕಿತ್ತು ಹೋಗಿದೆ.”

“ಕಿತ್ತೋರು ಯಾರು?” ಎಂದಳು ಸೊಸೆ. ಗೇಟಿನಲ್ಲಿ ಕೇಳುವ ಅದೇ ದನಿ.

“ನಿಮ್ಮ ರಕ್ತದ ಬಿಳಿ ಕಣಗಳು. ನಿಮ್ಮನ್ನ ರೋಗದಿಂದ ಕಾಯೋಕೆ ಅಂತಾನೇ ಇರೋವು.”

ಸೊಸೆ ಬೆನ್ನು ನೆಟ್ಟಗೆ ಮಾಡಿದಳು. “ಅಂದ್ರೆ ಕಾವಲುಗಾರರೇ?”

“ಕಾವಲುಗಾರರೇ.”

“ತರಬೇತಿ ಇಲ್ದೆ ಕೆಲಸಕ್ಕೆ ಇಟ್ಕೊಂಡಿದ್ರಾ?”

ಡಾಕ್ಟರು ನಕ್ಕರು. “ತರಬೇತಿ ಇದೆ. ಎದೆಮೂಳೆ ಹಿಂದೆ ಥೈಮಸ್ ಅಂತ ಒಂದು ಗ್ರಂಥಿ. ಟಿ ಕಣಗಳು ಅನ್ನೋ ಬಿಳಿ ಕಣಗಳು ಅಲ್ಲೇ ಪಳಗೋದು. ಸ್ವಂತ ಮೈಯನ್ನೇ ಶತ್ರು ಅಂತ ಹಿಡ್ಕೊಳ್ಳೋ ಕಣಗಳನ್ನ ಅಲ್ಲೇ ಮುಗಿಸಿಬಿಡುತ್ತೆ.”

“ಮುಖ ನೋಡೋ ವಾರ!” ಎಂದು ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಮಗ ನನ್ನ ಅಂಗಿ ಜಗ್ಗಿ ಕೂರಿಸಿದ. ಸೊಸೆಗೆ ನಗು ಬರಲಿಲ್ಲ.

“ಹಾಗಾದ್ರೆ ಇವು ಹೇಗೆ ತಪ್ಪಿಸ್ಕೊಂಡವು?”

“ಎಲ್ಲರ ಮೈಯಲ್ಲೂ ಕೆಲವು ತಪ್ಪಿಸ್ಕೊಂಡು ಬರ್ತವೆ. ಅವನ್ನ ಸುಮ್ಮನಿರಿಸೋಕೆ ಬೇರೆ ಕಣಗಳೂ ಇರ್ತವೆ. ನಿಮ್ಮಲ್ಲಿ ಆ ಹತೋಟಿ ಎಲ್ಲೋ ಸಡಿಲ ಆಗಿದೆ. ಬಹಳ ಜನರಿಗೆ ಬಂದುಹೋಗೋ ಒಂದು ವೈರಸ್ ಇದೆ, ಅದರ ಚೂರುಗಳು ಮೈಲಿನ್ನಿನ ಚೂರುಗಳನ್ನ ಸ್ವಲ್ಪ ಹೋಲ್ತವೆ, ಅದರಿಂದ ಗುರುತು ತಪ್ಪಿರಬಹುದು ಅಂತ ಅನುಮಾನ. ಆದ್ರೆ ಅಷ್ಟು ಜನರಲ್ಲಿ ನಿಮಗೇ ಯಾಕೆ ಅಂತ ಕೇಳಿದ್ರೆ ನನ್ನ ಹತ್ರ ಪೂರ್ತಿ ಉತ್ತರ ಇಲ್ಲ.”

“ಮಿದುಳಿಗೆ ಕಾಂಪೌಂಡ್ ಗೋಡೆ ಇಲ್ವಾ?”

“ಇದೆ, ತುಂಬಾ ಬಿಗಿ. ರಕ್ತದಲ್ಲಿರೋದೆಲ್ಲ ಒಳಗೆ ಹೋಗೋ ಹಾಗಿಲ್ಲ. ಆದ್ರೆ ಕೆರಳಿದ ಟಿ ಕಣಗಳು ರಕ್ತನಾಳದ ಗೋಡೆಗೆ ಅಂಟ್ಕೊಂಡು ನುಸುಳ್ತವೆ. ಒಳಗೆ ಹೋಗಿ ಕೂಗಿ ಇನ್ನಷ್ಟು ಕಣಗಳನ್ನ ಕರೀತವೆ. ಮಿದುಳಲ್ಲಿ ಕಸ ಗುಡಿಸ್ಕೊಂಡಿರೋ ಕಣಗಳೂ ಆ ಗಲಾಟೇಲಿ ಸೇರ್ಕೊಂಡು ಹೊದಿಕೆ ಕೀಳ್ತವೆ.”

“ಡಾಕ್ಟ್ರೇ, ಇವಳನ್ನ ಒಂದೇ ಒಂದು ದಿನ ಒಳಗೆ ಬಿಡಿ, ಎಲ್ಲರನ್ನೂ ಸಾಲಾಗಿ ನಿಲ್ಲಿಸ್ತಾಳೆ” ಎಂದೆ. “ಅಂಥ ಔಷಧಿ ಇನ್ನೂ ಬಂದಿಲ್ಲ ಯಜಮಾನ್ರೇ” ಎಂದರು ಡಾಕ್ಟರು.

ಬಂದಿದ್ದ ಔಷಧಿ ಬೇರೆ. ಕಣ್ಣಿಗೆ ಸದ್ಯಕ್ಕೆ ಸ್ಟೀರಾಯ್ಡ್ ಕೊಟ್ಟು ಊತ ಇಳಿಸುವುದು, ಅದರ ಬಗ್ಗೆ ಯಾರದೂ ತಕರಾರಿರಲಿಲ್ಲ. ಮುಂದೆ ಹೊಸ ಪೆಟ್ಟು ಬೀಳದ ಹಾಗೆ ವರ್ಷಕ್ಕೆರಡು ಸಲ ಡ್ರಿಪ್ ಹಾಕಬೇಕು, ಅದು ರಕ್ತದಲ್ಲಿರುವ ಬಿ ಕಣಗಳೆಂಬ ಇನ್ನೊಂದು ಜಾತಿಯ ಬಿಳಿ ಕಣಗಳನ್ನು ತೆಗೆದುಹಾಕುತ್ತದೆ ಎಂದಾಗ ಸೊಸೆ ಕೈ ಅಡ್ಡ ಹಿಡಿದಳು.

“ಒಂದ್ನಿಮಿಷ. ಹೊಡೆಯೋವು ಟಿ ಕಣಗಳು ಅಂದ್ರಿ. ತೆಗೆಯೋದು ಬಿ ಕಣಗಳನ್ನ ಅಂತೀರ. ಹೊಡೆದೋರನ್ನ ಬಿಟ್ಟು ಪಕ್ಕದಲ್ಲಿ ನಿಂತೋರನ್ನ ಕೆಲಸದಿಂದ ತೆಗೆಯೋದು ಯಾವ ನ್ಯಾಯ?”

“ಇದೇ ಪ್ರಶ್ನೆಗೆ ನಮ್ಮೋರೂ ಬಹಳ ಕಾಲ ತಲೆ ಕೆರ್ಕೊಂಡಿದಾರೆ” ಎಂದು ಡಾಕ್ಟರು ಶುರು ಮಾಡಿದರು. ಟಿ ಕಣಗಳು ತಾವಾಗಿ ಕೆರಳುವುದಿಲ್ಲ, ಬಿ ಕಣಗಳು ಅವುಗಳ ಜೊತೆ ಸೇರಿ ಕೆರಳಿಸುತ್ತವೆ ಎಂದೇನೋ ವಿವರಿಸಿದರು. ಆದರೆ ಅವಳ ಕಿವಿಯ ಗೇಟು ಆಗಲೇ ಮುಚ್ಚಿತ್ತು. ‘ವಿಚಾರ ಮಾಡಿ ಬರ್ತೀನಿ’ ಎಂದು ಎದ್ದಳು. “ಮಾಡಿ, ಆದ್ರೆ ತಡ ಮಾಡ್ಬೇಡಿ. ಅವು ನಿಮ್ಮ ವಿಚಾರ ಮುಗಿಯೋವರೆಗೂ ಕಾಯಲ್ಲ” ಎಂದರು ಡಾಕ್ಟರು.

ಸ್ಟೀರಾಯ್ಡಿನಿಂದ ಕಣ್ಣು ಬಹುಪಾಲು ತಿಳಿಯಾಯಿತು. ಇನ್ನೇನು ಎಲ್ಲ ಸರಿಹೋಯಿತು ಎಂದು ಅವಳೂ ಗೇಟಿಗೆ ಹೊರಟಳು. ಆಗ ಶುರುವಾಯಿತು ಎಡಗಾಲಿನ ಆಟ. ಹೆಬ್ಬೆರಳು ನೆಲಕ್ಕೆ ತಾಗಿ ಎಡವುತ್ತಿದ್ದಳು. ಒಂದು ಬೆಳಿಗ್ಗೆ ಒಂದು ಕಾಲಿಗೆ ಮಾತ್ರ ಚಪ್ಪಲಿ ಹಾಕಿಕೊಂಡು ಮನೆಗೆ ವಾಪಸ್ ಬಂದಳು. ಇನ್ನೊಂದು ಎಲ್ಲೋ ದಾರಿಯಲ್ಲಿ ಕಳಚಿ ಬಿದ್ದದ್ದು ಅವಳ ಕಾಲಿಗೆ ತಿಳಿದಿರಲಿಲ್ಲ.

ಕಾರ್ಖಾನೆಯ ಮ್ಯಾನೇಜರು ಕೆಟ್ಟವರಲ್ಲ. ರಜೆ ಕೊಟ್ಟರು. ಆದರೆ ಮುಚ್ಚಿಡದೆ ಹೇಳಿದರು: “ಗೇಟಿಗೆ ಕಣ್ಣು ಬೇಕು, ಕಾಲು ಬೇಕು. ಬೇಸಿಗೆ ಮುಗಿಯೋದ್ರೊಳಗೆ ನೀವು ನಿಂತು ಪಾಳಿ ನಡೆಸೋ ಹಾಗಾದ್ರೆ ಗೇಟು ನಿಮ್ದೇ. ಇಲ್ಲಾಂದ್ರೆ ಸ್ಟೋರಿನಲ್ಲಿ ಕೂತ್ಕೊಂಡು ಮಾಡೋ ಕೆಲಸ ಕೊಡ್ತೀನಿ, ಕೈ ಬಿಡಲ್ಲ.”

ಸ್ಟೋರು ಅಂದರೆ ಕಿಟಕಿಯಿಲ್ಲದ ಕೋಣೆ, ನಟ್ಟು ಬೋಲ್ಟುಗಳ ಡಬ್ಬಿ. ಮನುಷ್ಯರ ಮುಖ ಓದಿ ಬದುಕಿದವಳಿಗೆ ನಟ್ಟಿನ ಮುಖದಲ್ಲಿ ಏನು ಓದಲಿಕ್ಕಿದೆ? ಅವಳು ಆ ದಿನ ಊಟ ಮಾಡಲಿಲ್ಲ.

“ಡ್ರಿಪ್ ಹಾಕಿಸ್ಕೊಳ್ಳೇ” ಎಂದು ಅತ್ತೆ ಬೆಳಗಿನಿಂದ ಸಂಜೆಯವರೆಗೂ ಬೆನ್ನು ಬಿದ್ದಳು. “ನಿನ್ನ ಗೇಟಿನ ಕಾನೂನು ಗೇಟಲ್ಲಿ ಇಟ್ಕೋ. ಮೈಯಲ್ಲಿ ಇರೋ ಕಣಗಳಿಗೆ ಯಾರಾದ್ರೂ ವಿಚಾರಣೆ ಮಾಡ್ತಾರಾ?”

“ಅತ್ತೆ, ಅವು ನನ್ನವು. ನಾನೇ ಅನ್ನ ಹಾಕಿ ಸಾಕಿರೋವು. ತಪ್ಪು ಮಾಡಿದ್ದು ಯಾರು ಅಂತ ಗೊತ್ತಾಗ್ದೆ ಒಂದು ಗುಂಪನ್ನೇ ಹೇಗೆ ತೆಗೀಲಿ? ನಾಳೆ ನಿಜವಾದ ರೋಗ ಬಂದ್ರೆ ಕಾಯೋರು ಯಾರು? ದಿನಾ ಸಾವಿರ ಜನ ನನ್ನ ಮುಖದ ಮೇಲೆ ಕೆಮ್ಕೊಂಡು ಹೋಗ್ತಾರೆ.”

ಅದೂ ಸುಳ್ಳಲ್ಲ. ಅತ್ತೆ ನನ್ನ ಕಡೆ ನೋಡಿದಳು. ನಾನು ಚಾವಣಿ ನೋಡಿದೆ. ಕೊನೆಗೆ ಮಗ ಕೈಯ ಗ್ರೀಸು ಒರೆಸಿಕೊಳ್ಳುತ್ತ, “ನಿನ್ನ ಮೈ, ನೀನೇ ಹೇಳ್ಬೇಕು. ಆದ್ರೆ ಬೇಗ ಹೇಳು” ಎಂದ. ಅವನ ಲೆಕ್ಕದಲ್ಲಿ ಅದು ದೊಡ್ಡ ಭಾಷಣ.

ಅವಳು ಹೇಳುವ ಮೊದಲೇ ಗೇಟಿನಿಂದ ಫೋನು ಬಂತು. ‘ಮೇಡಂ, ಕಳ್ಳ ಸಿಕ್ಕಿದಾನೆ. ಆದ್ರೆ ಏನೋ ಎಡವಟ್ಟಾಗಿದೆ, ಒಳಗೆ ಮಷೀನೆಲ್ಲ ನಿಂತೋಗಿದೆ’ ಎಂದು ಒಬ್ಬ ಕಾವಲುಗಾರ ಒಂದೇ ಉಸಿರಿನಲ್ಲಿ ಒದರಿದ. ಸೊಸೆ ಸಮವಸ್ತ್ರ ಹಾಕಿಕೊಂಡಳು. ನಾನು ಬಾಡಿಗೆ ಕಾರು ತಂದೆ. ಅವಳು ನನ್ನ ಭುಜ ಹಿಡಿದು ಇಳಿದಳು.

ಚೌಕಿಯೊಳಗೆ ಸಿಕ್ಕಿಬಿದ್ದ ಕಳ್ಳನನ್ನು ನೋಡಿದರೆ, ಅವನು ಆ ಕಾರ್ಖಾನೆಯ ವೈರ್‌ಮನ್! ಗೇಟಿನ ದೀಪಕ್ಕೂ ಅವನೇ, ಚೌಕಿಯ ಫ್ಯಾನಿಗೂ ಅವನೇ. ಹಣೆಯ ಮೇಲೆ ನಿಂಬೆಹಣ್ಣಿನಷ್ಟು ಬುಗುಟು, ಕಾಲರು ಹರಿದು ಕಿವಿಗೆ ಬಂದಿತ್ತು. ಒಳಗೆ ಕೆಟ್ಟ ಲೈನು ಸರಿಮಾಡಲು ಹೆಗಲಿಗೆ ತಂತಿ ಸುರುಳಿ ಹಾಕಿಕೊಂಡು ಓಡುತ್ತಿದ್ದವನನ್ನು ಮೂವರು ಸೇರಿ ನೆಲಕ್ಕೆ ಕೆಡವಿದ್ದರು. ಲೈನು ಕೆಟ್ಟೇ ಇತ್ತು. ಅರ್ಧ ಕಾರ್ಖಾನೆ ಕತ್ತಲಾಗಿತ್ತು.

“ದಫೇದಾರಮ್ಮಾ, ನಿಮ್ಮ ಹುಲಿಗಳು ನನ್ನನ್ನೇ ತಿನ್ನೋಕೆ ಬಂದ್ವು” ಎಂದ ವೈರ್‌ಮನ್. “ನಾಳೆಯಿಂದ ನಿಮ್ಮ ಫ್ಯಾನು ಬೀಸಣಿಗೆ ಆಗುತ್ತೆ, ನೋಡ್ತಿರಿ.”

ಅವಳು ಮೊದಲು ಅವನ ಮುಂದೆ ಕೈ ಮುಗಿದಳು. ಕೆಡವಿದವರಲ್ಲಿ ಇಬ್ಬರನ್ನು ಅವನ ಏಣಿ ಹಿಡಿಯಲು ಜೊತೆಗೆ ಕಳಿಸಿದಳು. ಉಳಿದವನನ್ನು ಎದುರಿಗೆ ನಿಲ್ಲಿಸಿದಳು.

“ಮುಖ ನೋಡೋ ವಾರ ಮಾಡಿದೀಯಾ?”

“ಮಾಡಿದೀನಿ ಮೇಡಂ.”

“ಇವರ ಮುಖ ಗೊತ್ತಿತ್ತಾ?”

“ಗೊತ್ತಿತ್ತು ಮೇಡಂ. ದಿನಾ ನಮಸ್ಕಾರ ಹೇಳ್ತಿದ್ದೆ. ಆದ್ರೆ ಇವತ್ತು ಮುಖಕ್ಕಿಂತ ಬಟ್ಟೆ ಮೊದಲು ಕಂಡ್ತು.”

“ಯಾವ ಬಟ್ಟೆ?”

ಆಗ ಹೊರಬಿತ್ತು. ಎರಡು ವಾರದ ಹಿಂದೆ ಒಬ್ಬ ಕಳ್ಳ ಗೋಡೆ ಹಾರುವಾಗ ಅವನ ಅಂಗಿಯ ನೀಲಿ ಚೂರೊಂದು ಮುಳ್ಳುತಂತಿಗೆ ಸಿಕ್ಕಿಕೊಂಡಿತ್ತು. ರಜೆಯಲ್ಲಿದ್ದ ಸೊಸೆಯ ಜಾಗದಲ್ಲಿ ನಿಂತಿದ್ದವನನ್ನು ಎಲ್ಲರೂ ಮೀಸೆ ಎಂದು ಕರೆಯುತ್ತಿದ್ದರು. ಆ ಮೀಸೆಯ ಮೇಲೆ ಎರಡು ಕಾಗೆ ಕೂತು ಜಗಳವಾಡಬಹುದು. ಅವನು ಆ ಚೂರನ್ನು ಜೇಬಿನಲ್ಲಿಟ್ಟುಕೊಂಡು ಪ್ರತಿ ಪಾಳಿಗೂ ಪ್ರತಿಯೊಬ್ಬನ ಮೂಗಿನ ಮುಂದೆ ಆಡಿಸಿ, ‘ಇದೇ ಬಣ್ಣ. ಕಂಡ್ರೆ ಬಿಡ್ಬೇಡಿ’ ಎಂದು ಕೆಣಕುತ್ತಿದ್ದ. ಗಂಟೆಗೊಮ್ಮೆ ನೀಲಿ ನೋಡಿ ನೋಡಿ ಕಾವಲುಗಾರರಿಗೆ ಆಕಾಶದ ಮೇಲೂ ಅನುಮಾನ ಬಂದಿತ್ತು. ವೈರ್‌ಮನ್‌ನ ಸಮವಸ್ತ್ರ ಆ ಚೂರಿಗೆ ಅವಳಿ ತಮ್ಮನಂತಿತ್ತು.

ಸೊಸೆ ಮೀಸೆಯ ಮಾತನ್ನೂ ಪೂರ್ತಿ ಕೇಳಿದಳು. ಆಮೇಲೆ ಕೈ ಚಾಚಿ ಬಟ್ಟೆಯ ಚೂರು ತೆಗೆದುಕೊಂಡಳು.

“ಇವತ್ತಿಂದ ನೀನು ಗೇಟಲ್ಲಿ ಇರೋ ಹಾಗಿಲ್ಲ. ಗೋದಾಮಿನ ಕಡೆ ಹೋಗು. ಉಳಿದೋರು ಇಲ್ಲೇ ಇರ್ತಾರೆ.”

ಮೀಸೆ ಬೆಂಕಿಯಾದ. “ಇದ್ಯಾವ ನ್ಯಾಯ ಮೇಡಂ? ಹೊಡೆದೋರು ಅವರು! ನಾನು ಒಂದೇಟೂ ಹೊಡೆದಿಲ್ಲ!”

“ಗೊತ್ತು. ನೀನು ಹೊಡೀಲಿಲ್ಲ. ತೋರಿಸಿದೆ, ಕೆರಳಿಸಿದೆ. ಇವರನ್ನ ತೆಗೆದು ಬೇರೆಯೋರನ್ನ ತಂದ್ರೆ ನೀನು ಅವರಿಗೂ ಅದನ್ನೇ…”

ಅಲ್ಲಿಗೆ ಅವಳ ಮಾತು ನಿಂತುಹೋಯಿತು. ಕೈಯಲ್ಲಿದ್ದ ನೀಲಿ ಚೂರನ್ನೂ ನನ್ನನ್ನೂ ಒಂದು ಸಲ ನೋಡಿದಳು.

“ಮಾವ, ಕಾರು ಹೋಗಿಬಿಡ್ತಾ?”

“ಇಲ್ಲ, ನಿಂತಿದೆ.”

“ನಡೀರಿ ಆಸ್ಪತ್ರೆಗೆ.”

ಡಾಕ್ಟರು ಊಟಕ್ಕೆ ಏಳುತ್ತಿದ್ದರು. ಸೊಸೆ ಬಾಗಿಲಲ್ಲೇ ತಡೆದು ಕೇಳಿದಳು:

“ಡಾಕ್ಟ್ರೇ, ಬಿ ಕಣಗಳ ಕೈಯಲ್ಲಿ ಬಟ್ಟೆ ಚೂರು ಇರುತ್ತಾ?”

ಡಾಕ್ಟರು ನನ್ನ ಮುಖ ನೋಡಿದರು. ನಾನು ವೈರ್‌ಮನ್‌ನ ಕಥೆ ಹೇಳಿದೆ. ನನ್ನ ಕಥೆಯಲ್ಲಿ ಬುಗುಟು ತೆಂಗಿನಕಾಯಿಯಷ್ಟಾಗಿತ್ತು, ಅದನ್ನು ಸೊಸೆ ಮತ್ತೆ ನಿಂಬೆಹಣ್ಣಿಗೆ ಇಳಿಸಿದಳು. ಡಾಕ್ಟರು ಕುಳಿತುಕೊಂಡರು, ಪೆನ್ನಿನ ಮುಚ್ಚಳ ತೆಗೆದರು.

“ಹೆಚ್ಚುಕಮ್ಮಿ ಹಾಗೇ. ಬಿ ಕಣಗಳು ಚೂರು ಹಿಡ್ಕೊಂಡು ಟಿ ಕಣಗಳಿಗೆ ತೋರಿಸ್ತವೆ, ಜೊತೆಗೆ ಕೆರಳಿಸೋ ರಾಸಾಯನಿಕಾನೂ ಬಿಡ್ತವೆ. ಆದ್ರೆ ಒಂದು ತಿದ್ದುಪಡಿ. ನಿಮ್ಮ ಗೇಟಲ್ಲಿ ಮೀಸೆ ಒಬ್ಬನೇ. ಮೈಯಲ್ಲಿ ಹೀಗೆ ತೋರಿಸೋ ಬೇರೆ ಕಣಗಳೂ ಇವೆ. ಮೊದಲು ತೋರಿಸಿದ್ದು ಯಾರು ಅಂತಾನೂ ನಮಗೆ ಗೊತ್ತಿಲ್ಲ. ಬಿ ಕಣಗಳನ್ನ ತೆಗೆದ್ರೆ ಹೊಸ ಪೆಟ್ಟು ತುಂಬಾ ಕಮ್ಮಿ ಆಗುತ್ತೆ, ಅದು ಮಾತ್ರ ಗೊತ್ತು.”

“ಚೂರು ತೋರಿಸ್ದೆ ಇರೋ ಒಳ್ಳೆ ಬಿ ಕಣಗಳು?”

“ಅವೂ ಹೋಗ್ತವೆ. ಅದು ನಷ್ಟಾನೇ, ಇಲ್ಲ ಅನ್ನಲ್ಲ. ಸೋಂಕು ತಗುಲದ ಹಾಗೆ ಹುಷಾರಾಗಿರ್ಬೇಕು, ಲಸಿಕೆ ಮೊದಲೇ ಹಾಕಿಸ್ಕೋಬೇಕು. ಆದ್ರೆ ಹಳೇ ರೋಗಗಳ ನೆನಪಿಟ್ಕೊಂಡು ಪ್ರತಿಕಾಯ ಮಾಡೋ ಹಿರಿಯ ಕಣಗಳನ್ನ ಈ ಔಷಧಿ ಮುಟ್ಟಲ್ಲ. ಮೂಳೆಯೊಳಗಿನ ಮಜ್ಜೆಯಲ್ಲಿ ಬಿ ಕಣಗಳು ಹುಟ್ಟೋ ಮೂಲಾನೂ ಮುಟ್ಟಲ್ಲ. ಹೊಸವು ನಿಧಾನಕ್ಕೆ ಬರ್ತವೆ.”

“ಬಂದ ಹೊಸವು ಆ ಚೂರು ನೋಡಿರಲ್ಲ.”

“ಅದೇ ನಮ್ಮ ಆಸೆ. ಆದ್ರೆ ಈಗಾಗಲೇ ಕಿತ್ತು ಹೋಗಿರೋ ಹೊದಿಕೆ ಪೂರ್ತಿ ವಾಪಸ್ ಬರುತ್ತೆ ಅಂತ ನಾನು ಮಾತು ಕೊಡಲ್ಲ.”

“ಹೋಗಿದ್ದು ಹೋಯ್ತು ಡಾಕ್ಟ್ರೇ. ಇನ್ಮೇಲೆ ನಿಂತ್ರೆ ಸಾಕು” ಎಂದಳು ಸೊಸೆ. “ವಿಚಾರಣೆ ಮುಗೀತು. ಹಾಕಿ ಡ್ರಿಪ್ಪು.”

ಲಸಿಕೆಗಳು ಮುಗಿದ ಮೇಲೆ ಡ್ರಿಪ್ಪಿನ ದಿನ ಬಂತು. ಇಡೀ ಹಗಲು ಹನಿ ಹನಿಯಾಗಿ ಇಳಿಯಿತು. ನಡುವೆ ಗಂಟಲು ಕೆರೆಯಿತು ಎಂದಾಗ ನರ್ಸು ಹನಿಯ ವೇಗ ಕಡಿಮೆ ಮಾಡಿದಳು. ಸೊಸೆ ಬಾಟಲಿಯನ್ನೇ ನೋಡುತ್ತ ಮಲಗಿದ್ದಳು. ತನ್ನದೇ ಮಂದಿಗೆ ಬೀಳ್ಕೊಡುಗೆ ಕೊಡುವವರ ಮುಖದಲ್ಲಿರುವ ಗಾಂಭೀರ್ಯ ಅವಳ ಮುಖದಲ್ಲಿತ್ತು. ನಾನು ಬೀಳ್ಕೊಡುಗೆಯ ರಾಗವೊಂದನ್ನು ತುಟಿಯಲ್ಲೇ ಊದಲು ಹೋಗಿ, ಪಕ್ಕದ ಹಾಸಿಗೆಯವರಿಂದ ಬೈಸಿಕೊಂಡೆ.

ಆಮೇಲಿನ ತಿಂಗಳುಗಳು ಅವಳ ಕಾಲಿನವು. ಗೋಡೆ ಹಿಡಿದು ಹಿಮ್ಮಡಿ ಎತ್ತುವುದು, ನೆಲದ ಮೇಲಿನ ಟವೆಲನ್ನು ಬೆರಳಿನಿಂದ ಎಳೆಯುವುದು, ಮೆಟ್ಟಿಲು ಹತ್ತಿ ಇಳಿಯುವುದು. ಮಗ ಚಪ್ಪಲಿಯನ್ನು ಅಟ್ಟಕ್ಕೆಸೆದು, ಹಿಮ್ಮಡಿಗೆ ಪಟ್ಟಿಯಿರುವ ಗಟ್ಟಿ ಬೂಟು ತಂದ. ಮುಂದಿನ ಎಂಆರ್‌ಐಯಲ್ಲಿ ಹೊಸ ಕಲೆ ಒಂದೂ ಇರಲಿಲ್ಲ. ಕಾಲು ಬಹುಮಟ್ಟಿಗೆ ಮಾತು ಕೇಳತೊಡಗಿತು. ಎಡಗಣ್ಣಿಗೆ ಬಣ್ಣಗಳು ಸ್ವಲ್ಪ ಮಾಸಿದ ಹಾಗೇ ಉಳಿದವು. ಮೈ ಬಿಸಿಯಾದರೆ ಆ ಕಣ್ಣು ಮಂಜಾಗುತ್ತಿತ್ತು, ತಂಪಾದರೆ ತಿಳಿಯಾಗುತ್ತಿತ್ತು. ಹೊದಿಕೆ ಕಿತ್ತ ನರಕ್ಕೆ ಬಿಸಿ ಆಗಿಬರುವುದಿಲ್ಲ, ಇದು ಹೊಸ ಪೆಟ್ಟಲ್ಲ ಎಂದು ಡಾಕ್ಟರು ಹೇಳಿದ್ದರು.

ಬೇಸಿಗೆ ಮುಗಿಯುತ್ತ ಬಂದಿತ್ತು. ಮ್ಯಾನೇಜರು ಕರೆಸಿದರು. “ಮಧ್ಯಾಹ್ನ ಪಾಳಿ ಬದಲಾಗೋ ಹೊತ್ತು ಒಂದು ಸಲ ನಡೆಸಿ ತೋರಿಸಿ. ನಂಗೂ ಮೇಲಿನೋರಿಗೆ ಉತ್ತರ ಹೇಳ್ಬೇಕಲ್ಲ” ಎಂದರು. ಮಧ್ಯಾಹ್ನದ ಪಾಳಿಯೆಂದರೆ ಒಂದು ಗುಂಪು ಹೊರಗೆ, ಇನ್ನೊಂದು ಗುಂಪು ಒಳಗೆ, ನಡುವೆ ಲಾರಿಗಳು. ಆ ದಿನದ ಬಿಸಿಲಿಗೆ ಗೇಟಿನ ಹಳಿ ಬಾಗಿ ನೆರಳಿಗೆ ತೆವಳಲು ನೋಡುತ್ತಿತ್ತು. ತಣ್ಣೀರಿನ ಫ್ಲಾಸ್ಕ್ ಕೊಡುವ ನೆಪ ಮಾಡಿಕೊಂಡು ನಾನೂ ಚೌಕಿಯ ಪಕ್ಕ ನಿಂತೆ. ಮ್ಯಾನೇಜರು ನೆರಳಿನಲ್ಲಿ ಕೈಕಟ್ಟಿ ನಿಂತಿದ್ದರು.

ಸೈರನ್ ಕೂಗಿತು. ಜನ ನುಗ್ಗಿತು. ಸೊಸೆ ನಡುವೆ ನಿಂತು ಎರಡೂ ಸಾಲು ನಡೆಸಿದಳು. ಒಬ್ಬನಿಗೆ ಡಬ್ಬಿ ತೆರೆಯಲು ಹೇಳಿದಳು, ಒಬ್ಬಳ ಮಗುವಿನ ಜ್ವರ ವಿಚಾರಿಸಿದಳು, ಲಾರಿಯೊಂದನ್ನು ಕೈಯಿಂದಲೇ ಹಿಂದಕ್ಕೆ ತಳ್ಳಿದಳು. ಬೆರಳಿನಿಂದ ಎಂದರೂ ಸರಿಯೇ. ನನ್ನ ಎದೆ ಉಬ್ಬಿ ಅಂಗಿಯ ಗುಂಡಿ ಕಿತ್ತು ಬರುವಂತಿತ್ತು.

ಅರ್ಧ ಜನ ಹೋಗಿರಬೇಕು, ಅವಳು ಎಡಗಣ್ಣು ಮಿಟುಕಿಸಿದಳು. ಮತ್ತೆ ಮಿಟುಕಿಸಿದಳು. ನನಗೆ ಗೊತ್ತಾಯಿತು. ಮ್ಯಾನೇಜರಿಗೂ ಗೊತ್ತಾಯಿತೇನೋ, ಕಟ್ಟಿದ ಕೈ ಬಿಚ್ಚಿದರು. ಸುಮ್ಮನೆ ತಲೆಯಾಡಿಸುತ್ತ ನಿಂತುಬಿಡು ಮಗಳೇ, ಇನ್ನು ಸ್ವಲ್ಪ ಹೊತ್ತು, ಯಾರಿಗೂ ತಿಳಿಯುವುದಿಲ್ಲ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ.

ಅವಳು ಕೈ ಮೇಲೆತ್ತಿ ಎರಡೂ ಸಾಲು ನಿಲ್ಲಿಸಿದಳು. ಎಲ್ಲರಿಗೂ ಕೇಳುವ ಹಾಗೆ ತನ್ನ ಕೈಕೆಳಗಿನವನನ್ನು ಕೂಗಿದಳು:

“ಎಡಗಡೆ ಸಾಲು ಇನ್ಮೇಲೆ ನೀನು ನೋಡು. ಬಿಸಿಲಿಗೆ ನನ್ನ ಎಡಗಣ್ಣು ಮಂಜಾಗಿದೆ. ಬಲಗಡೆ ನಾನು ನೋಡ್ತೀನಿ.”

ಅವಳು ನನ್ನ ಕೈಯಿಂದ ಫ್ಲಾಸ್ಕ್ ತೆಗೆದುಕೊಂಡು, ಕರವಸ್ತ್ರ ನೆನೆಸಿ ಕತ್ತಿಗೆ ಸುತ್ತಿಕೊಂಡಳು. “ನಡೀರಿ, ನಡೀರಿ, ಯಾರ ಮನೆಗೆ ಹೊತ್ತಾಗ್ತಿಲ್ಲ?” ಎಂದಳು. ಸಾಲು ಹೊರಟಿತು. ಕಡೆಯವನು ದಾಟುವವರೆಗೂ ಅವಳು ಜಾಗ ಬಿಟ್ಟು ಅಲುಗಲಿಲ್ಲ.

ಮ್ಯಾನೇಜರು ಬಿಸಿಲಿಗೆ ಇಳಿದು ಬಂದರು. “ಅದನ್ನ ಎಲ್ಲರ ಮುಂದೆ ಕೂಗಿ ಹೇಳ್ಬೇಕಿತ್ತಾ?”

“ಹೇಳ್ದೆ ನಿಂತಿದ್ರೆ ಸಾರ್, ಒಂದು ಕಡೆ ಕಾವಲೇ ಇರ್ತಿರ್ಲಿಲ್ಲ. ಇದ್ದ ಹಾಗೆ ಕಾಣ್ತಿತ್ತು, ಅಷ್ಟೇ. ಈಗ ಎರಡೂ ಕಡೆ ಇತ್ತು.”

ಮ್ಯಾನೇಜರು ಖಾಲಿಯಾದ ಅಂಗಳ ನೋಡಿದರು, ಗೇಟು ನೋಡಿದರು, ಕರವಸ್ತ್ರದಿಂದ ತಮ್ಮ ಕತ್ತು ಒರೆಸಿಕೊಂಡರು.

“ಬೇಸಿಗೇಲಿ ಬೆಳಗಿನ ಪಾಳಿ ತಗೊಳ್ಳಿ” ಎಂದರು. “ಚೌಕಿಗೆ ಒಂದು ಕೂಲರ್ ಹಾಕಿಸ್ತೀನಿ. ಗೇಟು ನಿಮ್ದೇ.”

ನಾನು ಏನೋ ದೊಡ್ಡದಾಗಿ ಹೇಳಲು ಬಾಯಿ ತೆರೆದೆ. ನಂಬಿದರೆ ನಂಬಿ, ಬಿಟ್ಟರೆ ಬಿಡಿ, ಜೀವನದಲ್ಲಿ ಮೊದಲ ಸಲ ಗಾಳಿಯೇ ಬರಲಿಲ್ಲ.

ಮುಂದಿನ ವಾರ ಐದು ಜನ ಹೊಸ ಕಾವಲುಗಾರರು ಸೇರಿದರು. ನಾನು ಬೇಕೆಂದೇ ಆ ದಾರಿಯಲ್ಲಿ ವಾಯುಸೇವನೆಗೆ ಹೋಗಿದ್ದೆ. ಸೊಸೆ ಅವರನ್ನು ಬೆಳಗಿನ ತಂಪಿನಲ್ಲಿ ಸಾಲಾಗಿ ನಿಲ್ಲಿಸಿ, ಎಂದೂ ಕೇಳದಿದ್ದ ಪ್ರಶ್ನೆಯೊಂದನ್ನು ಕೇಳುತ್ತಿದ್ದಳು.

“ನನ್ನ ಎಡಗಣ್ಣು ಬಿಸಿಲಲ್ಲಿ ಕೈ ಕೊಡುತ್ತೆ, ನಿಮಗೆ ಗೊತ್ತಿರ್ಲಿ. ಈಗ ನಿಮ್ದು ಹೇಳಿ. ಯಾರ್ಯಾರಿಗೆ ಏನೇನು ಆಗಲ್ಲ?”

ಐವರೂ ಬೂಟಿನ ತುದಿ ನೋಡಿಕೊಂಡರು. ಕೊನೆಗೆ ಗಟ್ಟಿಮುಟ್ಟಾದ ಒಬ್ಬ ಗಂಟಲು ಸರಿಮಾಡಿಕೊಂಡು, “ನಂಗೆ ಬಲಗಿವಿ ಮಂದ ಮೇಡಂ” ಎಂದ. ಇನ್ನೊಬ್ಬನಿಗೆ ದೂರದ ನಂಬರ್ ಪ್ಲೇಟು ಓದಲು ಬರುತ್ತಿರಲಿಲ್ಲ. ಎಲ್ಲರಿಗಿಂತ ಎತ್ತರದವನು ಬಹಳ ಹೊತ್ತು ಒದ್ದಾಡಿ, ತನಗೆ ನಾಯಿಯೆಂದರೆ ಪ್ರಾಣಭಯ ಎಂದು ಒಪ್ಪಿಕೊಂಡ. ಯಾರೋ ಕಿಸಕ್ಕೆಂದರು. ಸೊಸೆ ನಗಲಿಲ್ಲ.

“ಸರಿ. ನೀನು ಇವನ ಬಲಗಿವಿ ಕಡೆ ನಿಲ್ಲು. ನೀನು ತೂಕದ ಕಟ್ಟೆ ಹತ್ರ ಇರು, ಲಾರಿ ಅಲ್ಲಿ ಹತ್ತಿರಾನೇ ಬರುತ್ತೆ. ನಾಯಿ ಬಂದ್ರೆ ನಂಗೆ ಹೇಳು” ಎಂದು ಒಬ್ಬೊಬ್ಬರಿಗೂ ಜಾಗ ತೋರಿಸಿದಳು. ಆಮೇಲೆ ಹಳಿಯ ಕಡೆ ತಿರುಗಿ, “ಹೂಂ, ಗೇಟು ತೆಗೀರಿ” ಎಂದಳು.